ಒಂದೇ ಮೇಜಿನ ಸುತ್ತ ಏಳು ಮಂದಿ: ಚಿಕ್ಕಬಳ್ಳಾಪುರದ ಜಂಟಿ ಕ್ಲಿನಿಕ್ಕಿನಲ್ಲಿ ನಮ್ಮ ಮೂರು ವರ್ಷ

ನಮ್ಮ ಮಗಳು ಕಾಲು ಚಾಚಿ ಮಲಗುತ್ತಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಕುಳಿತು, ಸೊಂಟದಿಂದ ಮುಂದಕ್ಕೆ ಬಾಗಿ, ಹಣೆಯನ್ನು ಹಾಸಿಗೆಗೆ ಒತ್ತಿ, ಮಡಿಸಿಟ್ಟ ಕಂಬಳಿಯಂತೆ ನಿದ್ದೆ ಹೋಗುತ್ತಿದ್ದಳು. ಅವಳಿಗೆ ಡೌನ್ ಸಿಂಡ್ರೋಮ್ ಇದೆ, ಹುಟ್ಟಿನಿಂದಲೇ ಇದ್ದು ಬೆಳವಣಿಗೆಯನ್ನು ನಿಧಾನ ಮಾಡುವ ಸ್ಥಿತಿ ಅದು; ಅಂಥ ಮಕ್ಕಳ ಮೈ ಸಡಿಲ, ಅದಕ್ಕೇ ಹೀಗೆ ಎಂದು ನಾವೇ ಸಮಾಧಾನ ಹೇಳಿಕೊಂಡಿದ್ದೆವು. ನಡುರಾತ್ರಿ ಅಜ್ಜಿ ಎದ್ದು ಅವಳನ್ನು ನೇರ ಮಾಡಿ ಹೊದಿಸುತ್ತಿದ್ದರು. ಹತ್ತು ನಿಮಿಷಕ್ಕೆ ಮತ್ತೆ ಎದ್ದು ಮಡಿಚಿಕೊಳ್ಳುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು. ಆ ಆರು ವರ್ಷಗಳಲ್ಲಿ ನಾವು ಎಷ್ಟು ಬಾಗಿಲು ತಟ್ಟಿದೆವು ಎಂದು ಎಣಿಸಿದವರಿಲ್ಲ. ಮಗು ರಾತ್ರಿ ಹೇಗೆ ಮಲಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದು ಚಿಕ್ಕಬಳ್ಳಾಪುರದ ಈ ಕ್ಲಿನಿಕ್ಕಿನಲ್ಲಿ, ಎರಡನೆಯ ಭೇಟಿಯಲ್ಲಿ.

ಈ ಕ್ಲಿನಿಕ್ಕಿನ ಬಗ್ಗೆ ನಮ್ಮ ಕಡೆಯ ತಂದೆತಾಯಂದಿರಿಗೆ ತಿಳಿಯಲೆಂದು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಹಾಕಿಲ್ಲ. ಕುಂದುಗಳನ್ನೂ ಹೇಳಬೇಕಾಗಿದೆ, ಅಲ್ಲಿ ದುಡಿಯುವವರು ನನಗೆ ಮನೆಯವರಿದ್ದಂತೆ, ಅವರಿಗೆ ತೊಂದರೆಯಾಗುವುದು ಬೇಡ. ಇಂಥ ಮಕ್ಕಳಿರುವ ಮನೆಗಳಿಗೆ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ವಿಷಯ ತಲುಪುತ್ತದೆ. ನಮಗೂ ಹಾಗೆಯೇ ತಲುಪಿತು.

ನಾವು ಶಿಡ್ಲಘಟ್ಟದವರು. ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವಿದೆ. ಬೆಳಿಗ್ಗೆ ಗೂಡು ಬೇಯಿಸಲು ಒಲೆ ಹೊತ್ತಿಸಿದರೆ ಸಂಜೆಯವರೆಗೆ ಅಲ್ಲಿಂದ ಕದಲುವಂತಿಲ್ಲ. ಮಗಳು ಹುಟ್ಟಿದ್ದು 2016ರಲ್ಲಿ. ಮೂರು ತಿಂಗಳಾದಾಗ ಮಕ್ಕಳ ವೈದ್ಯರು ಅವಳ ಅಂಗೈಯ ಒಂದೇ ಅಡ್ಡಗೆರೆಯನ್ನೂ ಕಣ್ಣಿನ ಆಕಾರವನ್ನೂ ನೋಡಿ ಡೌನ್ ಸಿಂಡ್ರೋಮ್ ಇರಬಹುದು ಎಂದರು. ಅಲ್ಲಿಂದ ಓಡಾಟ ಶುರುವಾಯಿತು. ಹೃದಯಕ್ಕೆ ಒಂದು ಕಡೆ, ಥೈರಾಯ್ಡಿಗೆ ಇನ್ನೊಂದು ಕಡೆ, ಫಿಸಿಯೋಥೆರಪಿಗೆ ವಾರಕ್ಕೆರಡು ದಿನ, ಸ್ಪೀಚ್ ಥೆರಪಿಗೆ ಬೆಂಗಳೂರು. ನಲವತ್ತೈದು ನಿಮಿಷಕ್ಕೆ ನಾನೂರು ರೂಪಾಯಿ, ಬಸ್ಸಿನ ಖರ್ಚು ಬೇರೆ, ಘಟಕದ ಒಂದು ದಿನದ ಕೆಲಸವೂ ಹೋಯಿತು. ಪ್ರತಿಯೊಬ್ಬರೂ ಒಳ್ಳೆಯವರೇ. ಪ್ರತಿಯೊಬ್ಬರೂ ಮನೆಯಲ್ಲಿ ಮಾಡಿಸಿ ಎಂದು ಐದಾರು ಕೆಲಸ ಬರೆದುಕೊಡುತ್ತಿದ್ದರು. ಒಮ್ಮೆ ಎಲ್ಲ ಚೀಟಿಗಳನ್ನೂ ಮುಂದಿಟ್ಟು ಲೆಕ್ಕ ಹಾಕಿದೆ: ದಿನಕ್ಕೆ ಇಪ್ಪತ್ತಮೂರು ಅಭ್ಯಾಸಗಳು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅವರೆಲ್ಲರ ನಡುವೆ ಸುದ್ದಿ ಹೊತ್ತು ತಿರುಗುತ್ತಿದ್ದವಳು ನಾನೊಬ್ಬಳೇ, ನನಗೋ ವೈದ್ಯಕೀಯದ ಅಕ್ಷರವೂ ತಿಳಿಯದು. ನಾನು ಓದಿದ್ದು ಬಿ.ಕಾಂ.

2022ರ ಜೂನ್‌ನಲ್ಲಿ ಈ ಜಂಟಿ ಕ್ಲಿನಿಕ್ ಆರಂಭವಾಯಿತು. ಇದು ಮೂರು ವರ್ಷದ ಒಂದು ಸಂಶೋಧನಾ ಯೋಜನೆ. ತಿಂಗಳಿಗೊಮ್ಮೆ, ಎರಡನೆಯ ಮಂಗಳವಾರ, ದಿನಕ್ಕೆ ಆರೇ ಮಕ್ಕಳು. ದೊಡ್ಡ ಕೊಠಡಿಯಲ್ಲಿ ಒಂದು ಮೇಜು, ಪಕ್ಕದಲ್ಲಿ ಚಾಪೆ, ಆಟಿಕೆಗಳು. ಮಕ್ಕಳ ವೈದ್ಯರು, ಕಿವಿ-ಮೂಗು-ಗಂಟಲು ವೈದ್ಯರು, ಫಿಸಿಯೋಥೆರಪಿಸ್ಟ್, ಸ್ಪೀಚ್ ಥೆರಪಿಸ್ಟ್, ಮನಃಶಾಸ್ತ್ರಜ್ಞೆ, ವಿಶೇಷ ಶಿಕ್ಷಕಿ, ಎರಡು ತಿಂಗಳಿಗೊಮ್ಮೆ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶವಾಹಿಗಳ ವಿಷಯ ತಿಳಿಸಿ ಸಲಹೆ ಕೊಡುವವರು. ಏಳು ಮಂದಿ ಒಟ್ಟಿಗೆ ಕುಳಿತು ಒಂದು ಮಗುವನ್ನು ಒಂದು ಗಂಟೆ ನೋಡುತ್ತಿದ್ದರು. ಒಂದೇ ಫೈಲು. ಕೊನೆಯಲ್ಲಿ ಒಂದೇ ಹಾಳೆ, ಅದರಲ್ಲಿ ಮನೆಯಲ್ಲಿ ಮಾಡಬೇಕಾದದ್ದು ಮೂರೇ ಸಂಗತಿ. ಇಪ್ಪತ್ತಮೂರರಿಂದ ಮೂರಕ್ಕೆ ಇಳಿದ ದಿನ ನಾನು ಬಸ್‌ ನಿಲ್ದಾಣದಲ್ಲಿ ಕುಳಿತು ಆ ಹಾಳೆಯನ್ನು ಮತ್ತೆ ಮತ್ತೆ ಓದಿದೆ.

ನಿದ್ದೆಯ ವಿಷಯ ಹೊರಬಂದದ್ದು ಹೀಗೆ. ಮಗಳಿಗೆ ಮಧ್ಯಾಹ್ನ ಗಮನ ನಿಲ್ಲುವುದಿಲ್ಲ, ಮಣಿ ಪೋಣಿಸುತ್ತಲೇ ತೂಕಡಿಸುತ್ತಾಳೆ ಎಂದು ವಿಶೇಷ ಶಿಕ್ಷಕಿ ಓದಿ ಹೇಳಿದರು. ಬುದ್ಧಿಯ ಮಿತಿಯಿಂದ ಹಾಗಿರಬಹುದು ಎಂದು ಹಿಂದಿನ ಒಂದು ಕೇಂದ್ರದವರು ಬರೆದಿದ್ದ ಟಿಪ್ಪಣಿ ಫೈಲಿನಲ್ಲಿತ್ತು. ಮೇಜಿನ ಆ ಕಡೆಯಿಂದ ಕಿವಿ-ಮೂಗು-ಗಂಟಲು ವೈದ್ಯರು ತಲೆ ಎತ್ತಿ, "ರಾತ್ರಿ ಹೇಗೆ ಮಲಗುತ್ತಾಳಮ್ಮಾ? ಗೊರಕೆ ಇದೆಯೇ?" ಎಂದರು. ನನ್ನ ಮೊಬೈಲಿನಲ್ಲಿ ಒಂದು ವಿಡಿಯೊ ಇತ್ತು. ಅವಳು ಮಡಿಚಿಕೊಂಡು ಮಲಗಿದ್ದು ಮುದ್ದಾಗಿ ಕಂಡಿತೆಂದು ನನ್ನ ತಂಗಿ ತೆಗೆದದ್ದು. ಏಳು ಮಂದಿಯೂ ಆ ಚಿಕ್ಕ ಪರದೆಯ ಮೇಲೆ ಬಾಗಿದರು. ಗೊರಕೆ ಕೇಳಿಸಿತು, ನಿಂತಿತು. ಯಾರೋ ಮೆಲ್ಲಗೆ ಎಣಿಸಿದರು: ಒಂದು, ಎರಡು, ಮೂರು... ಹನ್ನೊಂದು. ಆಮೇಲೆ ಬಿಕ್ಕಿದಂತೆ ಮತ್ತೆ ಉಸಿರು. ನಾನು ಆ ವಿಡಿಯೊವನ್ನು ಎಷ್ಟು ಬಾರಿ ನೋಡಿದ್ದೆ! ಅದರೊಳಗಿನ ಮೌನ ನನಗೆ ಕೇಳಿಸಿಯೇ ಇರಲಿಲ್ಲ.

ಮೂಗಿನ ಹಿಂಭಾಗದ ಅಡಿನಾಯ್ಡ್ ಮತ್ತು ಗಂಟಲಿನ ಟಾನ್ಸಿಲ್ ಊದಿ ಉಸಿರಿನ ದಾರಿ ಕಿರಿದಾಗಿತ್ತು. ಮುಂದಕ್ಕೆ ಬಾಗಿದಾಗ ಆ ದಾರಿ ಸ್ವಲ್ಪ ತೆರೆಯುತ್ತದೆ, ಹಾಗಾಗಿ ಮಗು ತನಗೆ ತಾನೇ ಆ ಭಂಗಿಯನ್ನು ಕಂಡುಕೊಂಡಿತ್ತು. ನಾವು ಪ್ರತಿ ರಾತ್ರಿ ಅವಳನ್ನು ನೇರ ಮಲಗಿಸಿ ಉಸಿರು ಕಟ್ಟಿಸುತ್ತಿದ್ದೆವು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಡೌನ್ ಸಿಂಡ್ರೋಮ್ ಇರುವ ಎಲ್ಲ ಮಕ್ಕಳಿಗೂ ನಾಲ್ಕು ವರ್ಷ ತುಂಬುವುದರೊಳಗೆ ನಿದ್ರೆಯ ಪರೀಕ್ಷೆ ಆಗಬೇಕೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಎಂದು ಆಮೇಲೆ ತಿಳಿಯಿತು. ನಮ್ಮವಳಿಗೆ ಆದದ್ದು ಆರು ದಾಟಿದ ಮೇಲೆ. ಶಸ್ತ್ರಚಿಕಿತ್ಸೆ ನಡೆಯಿತು. ಎರಡು ತಿಂಗಳ ನಂತರದ ಒಂದು ಬೆಳಿಗ್ಗೆ ಅವಳು ಅಂಗಾತ ಮಲಗಿ, ಒಂದು ಕೈಯನ್ನು ತಲೆಯ ಮೇಲಿಟ್ಟುಕೊಂಡು ನಿದ್ರಿಸುತ್ತಿದ್ದಳು. ಅಜ್ಜಿ ನನ್ನನ್ನು ಕರೆದು ತೋರಿಸಿದರು. ಶಾಲೆಯ ಟಿಪ್ಪಣಿಯಲ್ಲಿ ಮಧ್ಯಾಹ್ನದ ತೂಕಡಿಕೆಯ ಮಾತು ಮತ್ತೆ ಬರಲಿಲ್ಲ.

ಶಿಕ್ಷಕಿಗೆ ತೂಕಡಿಕೆ ಗೊತ್ತಿತ್ತು, ವೈದ್ಯರಿಗೆ ಗಂಟಲು ಗೊತ್ತಿತ್ತು, ನನ್ನ ಬಳಿ ವಿಡಿಯೊ ಇತ್ತು. ಬೇರೆ ಬೇರೆ ಕೊಠಡಿಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ ಈ ಮೂರು ಸಂಗತಿಗಳು ಇನ್ನೂ ಆರು ವರ್ಷ ಇದ್ದರೂ ಒಂದಕ್ಕೊಂದು ಸೇರುತ್ತಿರಲಿಲ್ಲ.

ಜೆನೆಟಿಕ್ ಕೌನ್ಸೆಲರ್ ಬಂದ ದಿನವನ್ನೂ ಹೇಳಲೇಬೇಕು. ನಮ್ಮ ಮನೆಯವರು ನನ್ನ ತಾಯಿಯ ತಮ್ಮ. ಸೋದರಮಾವನನ್ನು ಮದುವೆಯಾಗುವುದು ನಮ್ಮ ಸೀಮೆಯಲ್ಲಿ ಹಳೆಯ ರೂಢಿ. ಮಗಳು ಹುಟ್ಟಿದಾಗಿನಿಂದ ನೆಂಟರಿಷ್ಟರೆಲ್ಲ ಅದೇ ಕಾರಣ ಎಂದು ಪಿಸುಗುಟ್ಟಿದರು. ಮದುವೆ ಮಾಡಿಸಿದ್ದು ಅಜ್ಜಿ, ಅವರೇ ನನಗೆ ಅತ್ತೆಯೂ ಹೌದು. ಅವರು ಏಳು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು ನವೆದಿದ್ದರು. ಆ ಕೌನ್ಸೆಲರ್ ಹುಡುಗಿ ಬಿಳಿ ಹಾಳೆಯ ಮೇಲೆ ಇಪ್ಪತ್ತಮೂರು ಜೊತೆ ಗೆರೆಗಳನ್ನು ಎಳೆದು, ಇವು ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ವರ್ಣತಂತುಗಳು ಎಂದು ಹೇಳಿ, ಇಪ್ಪತ್ತೊಂದನೆಯ ಜಾಗದಲ್ಲಿ ಮೂರನೆಯದೊಂದು ಗೆರೆ ಸೇರಿಸಿ ತೋರಿಸಿದಳು. ಸುಮಾರು ಶೇಕಡಾ 95 ಮಕ್ಕಳಲ್ಲಿ ಇದು ಜೀವಕೋಶ ಒಡೆಯುವಾಗ ಆಕಸ್ಮಿಕವಾಗಿ ಆಗುವಂಥದ್ದು, ತಾಯಿಯ ವಯಸ್ಸು ಏರಿದಂತೆ ಸಾಧ್ಯತೆ ಏರುತ್ತದೆ, ರಕ್ತಸಂಬಂಧದ ಮದುವೆ ಇದಕ್ಕೆ ಕಾರಣವಲ್ಲ ಎಂದಳು. ನಮ್ಮ ಮಗಳ ವರದಿಯೂ ಆ ಬಗೆಯದೇ. ಸಂಬಂಧದೊಳಗಿನ ಮದುವೆಯಿಂದ ಬೇರೆ ಕೆಲವು ಕಾಯಿಲೆಗಳ ಅಪಾಯ ಹೆಚ್ಚುವುದು ನಿಜ, ನಿಮ್ಮ ತಂಗಿಯ ವಿಷಯದಲ್ಲಿ ಯೋಚಿಸಿ ಎಂದೂ ಹೇಳಿದಳು, ಮುಚ್ಚಿಡಲಿಲ್ಲ. ಮನೆಯವರು ಆ ಹಾಳೆಯನ್ನು ತಂದು ಅಜ್ಜಿಯ ಮುಂದೆ ಬಿಡಿಸಿ ತೆಲುಗಿನಲ್ಲಿ ವಿವರಿಸಿದರು. ಅಜ್ಜಿ ಏನೂ ಮಾತನಾಡಲಿಲ್ಲ. ಹಾಳೆ ಈಗ ದೇವರ ಗೂಡಿನಲ್ಲಿದೆ.

ಇನ್ನು ಕುಂದುಗಳು. ಮೊದಲನೆಯ ವರ್ಷ ಅವರು ಬಳಸುತ್ತಿದ್ದ ಪ್ರಶ್ನಾವಳಿ ನಮ್ಮ ಮನೆಗಳಿಗೆ ಹೊಂದುವಂಥದ್ದಲ್ಲ. ಮಗು ಫೋರ್ಕ್ ಹಿಡಿದು ತಿನ್ನುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ, ಅಂಕ ಹೋಯಿತು. ಬಿಸಿ ರಾಗಿಮುದ್ದೆಯನ್ನು ಬೆರಳಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು ಎಷ್ಟು ಸೂಕ್ಷ್ಮ ಕೆಲಸ! ಅದಕ್ಕೆ ಆ ಹಾಳೆಯಲ್ಲಿ ಜಾಗವಿರಲಿಲ್ಲ. ಮಾತಿನ ಲೆಕ್ಕವೂ ಹಾಗೆಯೇ. ಕನ್ನಡದಲ್ಲಿ ಹನ್ನೊಂದು ಪದ ಎಂದು ಬರೆದರು. ಮನೆಯಲ್ಲಿ ಅಜ್ಜಿಯೊಡನೆ ಅವಳದು ತೆಲುಗು. ಪಾಲು, ನೀಳ್ಳು, ರಾ, ವದ್ದು, ಪೋದಾಂ. ಅವನ್ನು ಯಾರೂ ಎಣಿಸಲಿಲ್ಲ. ನಾವು ಏಳೆಂಟು ತಾಯಂದಿರು ಸೇರಿ ಹೇಳಿದೆವು. ಮನಃಶಾಸ್ತ್ರಜ್ಞೆ ಸಿಟ್ಟಾಗಲಿಲ್ಲ, ಕುಳಿತು ಬರೆದುಕೊಂಡರು. ಮುಂದಿನ ಮೂರು ತಿಂಗಳು ಒಬ್ಬ ಭಾಷಾವಿಜ್ಞಾನದ ವಿದ್ಯಾರ್ಥಿ ಬಂದು ಎರಡೂ ಭಾಷೆಯ ಪದಗಳನ್ನು ಸೇರಿಸಿ ಎಣಿಸಿದ. ಮೂವತ್ತನಾಲ್ಕು! ದಶಕಗಳ ಹಿಂದೆಯೇ ಕಾಮತ್ ಎಂಬವರು ಬುದ್ಧಿಶಕ್ತಿ ಅಳೆಯುವ ವಿದೇಶದ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ ಬಿನೆ-ಕಾಮತ್ ಪರೀಕ್ಷೆ ಮಾಡಿದ್ದರಂತೆ. ಅಂಥ ಕೆಲಸ ಅಲ್ಲಿಗೇ ನಿಲ್ಲಬಾರದಿತ್ತು ಎಂದು ಆ ಮನಃಶಾಸ್ತ್ರಜ್ಞೆಯೇ ಹೇಳಿದರು.

ಶೌಚಾಲಯ ನಾಲ್ಕು ಮೆಟ್ಟಿಲು ಕೆಳಗಿದೆ. ಗಾಲಿಕುರ್ಚಿಯ ಮಕ್ಕಳನ್ನು ಎತ್ತಿಕೊಂಡೇ ಇಳಿಯಬೇಕು. ಎರಡು ಬಾರಿ ದಿನಾಂಕ ಬದಲಾದದ್ದನ್ನು ನಮಗೆ ತಿಳಿಸಲಿಲ್ಲ. ಒಪ್ಪಿಗೆ ಪತ್ರ ಎಂಟು ಪುಟ, ಸರ್ಕಾರಿ ಸುತ್ತೋಲೆಯ ಕನ್ನಡ. ಓದಿ ಹೇಳುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಮೂರು ವರ್ಷ ನಮ್ಮ ಮಕ್ಕಳ ವಿವರ ಬರೆದುಕೊಂಡವರು, ಅದರಿಂದ ಏನು ಕಂಡುಕೊಂಡೆವು ಎಂದು ನಮ್ಮನ್ನು ಕೂರಿಸಿ ಇನ್ನೂ ಹೇಳಿಲ್ಲ. ಇದು ನನ್ನ ದೊಡ್ಡ ತಕರಾರು. ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ಪ್ರವೇಶವೂ ಇಲ್ಲ. ನಮ್ಮ ಬೀದಿಯ ಇಪ್ಪತ್ತನಾಲ್ಕರ ಹುಡುಗನೊಬ್ಬನನ್ನು ಅವನ ತಾಯಿ ಕರೆತಂದು ವಾಪಸ್ ಹೋದರು. ಅಲ್ಝೈಮರ್ ಕಾಯಿಲೆಯಲ್ಲಿ ಕೆಲಸ ಮಾಡುವ ಒಂದು ಮುಖ್ಯ ಜೀನ್ ಇಪ್ಪತ್ತೊಂದನೆಯ ವರ್ಣತಂತುವಿನಲ್ಲಿಯೇ ಇರುವುದರಿಂದ ಡೌನ್ ಸಿಂಡ್ರೋಮ್ ಇರುವವರಿಗೆ ಮರೆವಿನ ರೋಗ ಬೇಗ ಬರುತ್ತದೆ. ಆ ವಯಸ್ಸಿನವರನ್ನು ನೋಡಿಕೊಳ್ಳುವ ಕೊಠಡಿ ನಮ್ಮ ಜಿಲ್ಲೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಎರಡನೆಯ ವರ್ಷದಲ್ಲಿ ನಡೆದದ್ದು. ಮಗಳಿಗೆ ಊಟದಲ್ಲಿ ಕೆಮ್ಮು ಬರುತ್ತಿತ್ತು. ಫಿಸಿಯೋಥೆರಪಿಸ್ಟರೂ ಸ್ಪೀಚ್ ಥೆರಪಿಸ್ಟರೂ ಒಟ್ಟಿಗೆ ಅವಳ ಎದುರು ಕುಳಿತು ನೋಡಿದರು. ಕುರ್ಚಿಯಲ್ಲಿ ಅವಳ ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು. ಕಾಲ ಕೆಳಗೆ ನಮ್ಮ ಊಟದ ಮಣೆಯನ್ನು ಇಟ್ಟರು. ಬೆನ್ನು ನೆಟ್ಟಗಾಯಿತು, ಗಲ್ಲ ನಿಂತಿತು, ನುಂಗುವುದು ಹಗುರವಾಯಿತು. ಆ ಸ್ಪೀಚ್ ಥೆರಪಿಸ್ಟ್ ಗುತ್ತಿಗೆಯ ಮೇಲಿದ್ದವರು. ನಾಲ್ಕು ತಿಂಗಳ ಸಂಬಳ ಬರಲಿಲ್ಲವೆಂದು ಬಿಟ್ಟುಹೋದರು. ಅವರ ಕುರ್ಚಿ ಏಳು ತಿಂಗಳು ಖಾಲಿ ಇತ್ತು. ನೂಲು ಬಿಚ್ಚುವವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಗೂಡಿನ ಎಳೆಯಿಂದ ನೂಲಾಗುವುದಿಲ್ಲ, ಎಂಟೋ ಹತ್ತೋ ಗೂಡಿನ ಎಳೆ ಕೂಡಬೇಕು. ಒಂದು ಎಳೆ ಮುಗಿದರೆ ಆ ಕ್ಷಣವೇ ಇನ್ನೊಂದು ಗೂಡಿನ ತುದಿಯನ್ನು ಕೂಡಿಸಬೇಕು, ಇಲ್ಲವಾದರೆ ನೂಲು ಅಲ್ಲಿಂದ ತೆಳ್ಳಗಾಗಿ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಅಲ್ಲಿ ತುದಿ ಕೂಡಿಸಲು ಹಣವಿರಲಿಲ್ಲ.

ಹಣ ಎಲ್ಲಿಂದ, ಎಷ್ಟು ದಿನಕ್ಕೆ ಎಂಬುದು ರೋಗಿಯ ಕಡೆಯವರ ವಿಷಯವಲ್ಲ ಎಂದು ಮೊದಲು ಭಾವಿಸಿದ್ದೆ. ಈಗ ಹಾಗೆ ಭಾವಿಸುವುದಿಲ್ಲ. ಅಮೆರಿಕದಲ್ಲಿ 1963ರ ಅಕ್ಟೋಬರ್ 31ರಂದು ಅಧ್ಯಕ್ಷ ಜಾನ್ ಕೆನಡಿ ಒಂದು ಕಾನೂನಿಗೆ ಸಹಿ ಹಾಕಿದರು. ಅವರ ತಂಗಿ ರೋಸ್‌ಮೇರಿಗೆ ಬೌದ್ಧಿಕ ವಿಕಲತೆ ಇತ್ತು. ಇನ್ನೊಬ್ಬ ತಂಗಿ ಯೂನಿಸ್ ಕೆನಡಿ ಶ್ರೈವರ್ ಇಂಥವರಿಗಾಗಿ ಹಟ ಹಿಡಿದು ದುಡಿದವರು. ಸಹಿ ಬಿದ್ದ ಮೂರು ವಾರಕ್ಕೆ ಕೆನಡಿ ಕೊಲೆಯಾದರು, ಆದರೆ ಆ ಕಾನೂನಿನ ಹಣದಿಂದ ಬೌದ್ಧಿಕ ಮತ್ತು ಬೆಳವಣಿಗೆಯ ವಿಕಲತೆಯ ಸಂಶೋಧನಾ ಕೇಂದ್ರಗಳು ಕಟ್ಟಲ್ಪಟ್ಟವು. ಜೀನ್ ನೋಡುವವರು, ಮೆದುಳು ನೋಡುವವರು, ಮಕ್ಕಳ ನಡವಳಿಕೆ ನೋಡುವವರು ಒಂದೇ ಸೂರಿನಡಿ, ಒಂದೇ ಯಂತ್ರಗಳನ್ನು ಹಂಚಿಕೊಂಡು ದುಡಿಯಬೇಕು ಎಂಬುದೇ ಆ ಕೇಂದ್ರಗಳ ತಿರುಳು. ಅರವತ್ತು ವರ್ಷಗಳ ನಂತರವೂ ಅವು ನಡೆಯುತ್ತಿವೆ. 1983ರಲ್ಲಿ ಅಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಸ್ಸು ಸುಮಾರು 25 ವರ್ಷ ಇತ್ತು, ಈಗ ಸುಮಾರು 60. ಹೃದಯದ ಶಸ್ತ್ರಚಿಕಿತ್ಸೆ ಸಿಕ್ಕಿದ್ದು, ಮಕ್ಕಳನ್ನು ಸಂಸ್ಥೆಗಳಲ್ಲಿ ಬಿಟ್ಟುಬರುವ ಬದಲು ಮನೆಯಲ್ಲಿ ಬೆಳೆಸಿದ್ದು, ಎಲ್ಲವೂ ಸೇರಿ ಆದದ್ದು ಇದು.

ಅಷ್ಟು ದೂರದ ಮಾತೇಕೆ, ನಮ್ಮ ಕಸುಬನ್ನೇ ನೋಡಿ. 1980ರಲ್ಲಿ ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಬಂದು ಹುಳುಮನೆಗಳನ್ನು ಹಾಳುಮಾಡಿದ್ದನ್ನು ಅಜ್ಜಿ ಈಗಲೂ ಹೇಳುತ್ತಾರೆ. ಕಿಟಕಿಗೆ ಪರದೆ, ಸಿಂಪಡಿಸಲು ಔಷಧ, ಆ ನೊಣದ ಕೋಶದೊಳಗೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜ, ಎಲ್ಲವನ್ನೂ ವಿಜ್ಞಾನಿಗಳು ಹುಡುಕಿಕೊಟ್ಟರು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ಹಿಪ್ಪುನೇರಳೆಯವರು, ಹುಳುವಿನ ತಳಿಯವರು, ರೋಗದವರು ಎಲ್ಲರೂ ಒಂದೇ ಆವರಣದಲ್ಲಿದ್ದಾರೆ. ಅಲ್ಲಿ ಸಿದ್ಧವಾದ ದ್ವಿತಳಿ ಹುಳುವಿನ ಗೂಡನ್ನು ನಾನು ನಿತ್ಯ ಬಿಚ್ಚುತ್ತೇನೆ. ಹುಳುವಿಗಾಗಿ ಇಷ್ಟು ಕಾಳಜಿ ವಹಿಸಿದ್ದು ಸರಿಯೇ, ಅದರಿಂದಲೇ ನಮ್ಮ ಅನ್ನ. ನಮ್ಮ ಮಕ್ಕಳಿಗೂ ಅಂಥ ಒಂದು ಆವರಣ ಬೇಕು ಎನ್ನುತ್ತೇನೆ. ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಜ್ಞಾನಕ್ಕೆ ಕೊರತೆಯಿಲ್ಲ. ಅವರನ್ನು ನಮ್ಮಂಥ ಜಿಲ್ಲೆಗಳಲ್ಲಿ ಒಂದೇ ಮೇಜಿನ ಸುತ್ತ ವರ್ಷಗಟ್ಟಲೆ ಕೂರಿಸುವ ಹಣಕ್ಕೆ ಕೊರತೆ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪಲ್ವಲ್, ಕಾಂಗ್ಡಾ, ಢೇಂಕನಾಲ್, ಉತ್ತರ ಗೋವಾ, ಹೈದರಾಬಾದ್ ಈ ಐದು ಕಡೆ 3,900ಕ್ಕೂ ಹೆಚ್ಚು ಮಕ್ಕಳನ್ನು ನೋಡಿತು. ಬೆಳವಣಿಗೆಯ ತೊಂದರೆ ಇದ್ದ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಿಗೆ ಒಂದಲ್ಲ, ಎರಡೋ ಮೂರೋ ತೊಂದರೆಗಳಿದ್ದವು. ತೊಂದರೆಗಳು ಒಟ್ಟಿಗೆ ಬರುವಾಗ ವೈದ್ಯರು ಬಿಡಿಬಿಡಿಯಾಗಿ ಬಂದರೆ ಹೇಗೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 28ನೆಯ ಸೆಕ್ಷನ್ ಇಂಥ ಸಂಶೋಧನೆಯನ್ನು ಕೈಗೊಳ್ಳುವ ಹೊಣೆಯನ್ನು ಸರ್ಕಾರಕ್ಕೇ ಹೊರಿಸಿದೆ.

ಯೋಜನೆಯ ಹಣ ಈ ವರ್ಷದ ಮಾರ್ಚ್ 31ಕ್ಕೆ ಮುಗಿಯಿತು. ಹೊಸ ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ. ಅದೇ ಸೆಕ್ಷನ್ ನಮೂದಿಸಿ ನಾವು ನಲವತ್ತೊಂದು ಮನೆಯವರು ಸಹಿ ಹಾಕಿ ಪತ್ರ ಬರೆದಿದ್ದೇವೆ, ಮುದ್ದೆಯ ವಿಷಯವನ್ನೂ ದಿನಾಂಕದ ವಿಷಯವನ್ನೂ ಅದರಲ್ಲಿ ಸೇರಿಸಿದ್ದೇವೆ. ಸದ್ಯ ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್ ಮತ್ತು ವಿಶೇಷ ಶಿಕ್ಷಕಿ ಮೂವರು ತಮ್ಮ ಇತರ ಕೆಲಸದ ನಡುವೆ ಬಿಡುವು ಮಾಡಿಕೊಂಡು ಅದೇ ಎರಡನೆಯ ಮಂಗಳವಾರ ಬರುತ್ತಿದ್ದಾರೆ. ಏಳು ಮಂದಿ ಇದ್ದಾಗ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತಿದ್ದೆ, ಈಗ ಮೂರು. ಕಳೆದದ್ದು ಆ ಮೂವರ ಅಂಕವಲ್ಲ.

ಹೋಗುವವರು ಹಳೆಯ ಫೈಲುಗಳನ್ನೆಲ್ಲ ಒಯ್ಯಿರಿ, ಥೈರಾಯ್ಡ್ ವರದಿ ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಹೊಸದು ಮಾಡಿಸಿಕೊಳ್ಳಿ, ಮಗುವಿನ ಊಟ ಕಟ್ಟಿಕೊಂಡು ಹೋಗಿ, ಏಕೆಂದರೆ ಉಣ್ಣುವುದನ್ನು ನೋಡುತ್ತಾರೆ. ಮನೆಯಲ್ಲಿ ಯಾವ ಯಾವ ಭಾಷೆ ಆಡುತ್ತೀರೋ ಅಷ್ಟನ್ನೂ ಹೇಳಿ. ಮತ್ತೆ ಇಂದು ರಾತ್ರಿಯೇ ದೀಪ ಆರಿಸಿದ ಮೇಲೆ ಎರಡು ನಿಮಿಷ ಮಗುವಿನ ನಿದ್ದೆಯ ವಿಡಿಯೊ ತೆಗೆಯಿರಿ. ಮುಖ ಕಾಣದಿದ್ದರೂ ಅಡ್ಡಿಯಿಲ್ಲ, ಉಸಿರಿನ ಸದ್ದು ಕೇಳಿಸಿದರೆ ಸಾಕು.